ಆನೆಮರಿ ಟಯರೂ ಪೈಲಿಯ ಕಿವಿಯೂ

ಮುಂಡಕ್ಕಯದ ಕುಂಚೆರಿಯಾ ಮೂವತ್ತು ವರ್ಷ ರಬ್ಬರ್ ಡಿಪೋದಲ್ಲಿ ಹಾಳೆಗಳ ದರ್ಜೆ ಕಟ್ಟಿದವನು. ಹಾಳೆಯನ್ನು ಬೆಳಕಿಗೆ ಹಿಡಿದು, ಉಗುರು ಒತ್ತಿ, ಒಮ್ಮೆ ಮೂಸಿ, ಇದು ಒಂದನೆಯದು, ಇದು ಮೂರನೆಯದು ಎಂದನೆಂದರೆ ಮುಗಿಯಿತು, ಎಂಥ ವ್ಯಾಪಾರಿಯೂ ಕಮಕ್ ಕಿಮಕ್ ಎನ್ನುತ್ತಿರಲಿಲ್ಲ. ನಿವೃತ್ತನಾದ ಮೇಲೆ ಇಗರ್ಜಿಯ ಕಮಿಟಿಯವರು ನಡೆಸುವ ಆರೈಕೆ ಕಾರಿಗೆ ಅವನೇ ಡ್ರೈವರು. ಹಾಸಿಗೆ ಹಿಡಿದ ಹನ್ನೊಂದು ಜನರ ಮನೆಗೆ ನರ್ಸ್ ತ್ರೇಸ್ಯಾಳನ್ನು ಕರೆದೊಯ್ಯುವುದು, ಅವಳು ಹುಣ್ಣು ತೊಳೆದು ಪಟ್ಟಿ ಕಟ್ಟುವವರೆಗೆ ಕಾದು ಕರೆತರುವುದು ಅವನ ಕೆಲಸ.

ಮಳೆ ಹಿಡಿದ ಮೊದಲ ವಾರವೇ ಕಾರಿನ ಬೋಳು ಟಯರು ಬಿಚ್ಚಿಸಿ, 'ಕುಟ್ಟಿಯಾನ' ಎಂಬ ಅಗ್ಗದ ಟಯರು ಹಾಕಿಸಿದರು. ಹೆಸರು ಯಾರೂ ಕೇಳಿದ್ದಲ್ಲ. ಪಕ್ಕದಲ್ಲೊಂದು ಆನೆಮರಿಯ ಚಿತ್ರ. ಒಂದು ವಾರ ಓಡಿಸಿ, ಆಗುತ್ತದೋ ಇಲ್ಲವೋ ಕುಂಚೆರಿಯಾ ಭಾನುವಾರ ಹೇಳಬೇಕು. ಬೇಡವೆಂದರೆ ಅಂಗಡಿಯವನು ವಾಪಸು ಒಯ್ಯುತ್ತಾನೆ, ಬೇರೆ ಕೊಳ್ಳುವ ತಾಕತ್ತು ಕಮಿಟಿಗಿಲ್ಲ, ಮಳೆ ಮುಗಿಯುವವರೆಗೆ ಕಾರು ಶೆಡ್ಡಿನಲ್ಲೇ. ಆಗುತ್ತದೆಂದು ಹೇಳಿ, ನಾಳೆ ಕಾರು ಇಳಿಜಾರಿನಲ್ಲಿ ಜಾರಿತೋ, ತ್ರೇಸ್ಯಾಳ ಪ್ರಾಣಕ್ಕೆ ಅವನೇ ಹೊಣೆ.

ಕುಂಚೆರಿಯಾ ಕುಕ್ಕರಗಾಲಲ್ಲಿ ಕೂತು ಟಯರಿಗೆ ಉಗುರು ಒತ್ತಿದ, ಮೂಸಿದ, ಮುಖ ಕಿವುಚಿದ.

"ಛೀ, ಟಾರಿನ ವಾಸನೆ! ಇದೂ ಒಂದು ರಬ್ಬರಾ? ರಬ್ಬರ್ ಹಾಲು ಹಿಡಿಯೋ ಕರಟದ ತಳದಲ್ಲಿ ಒಣಗಿದ ಗಸಿ."

"ಅಚ್ಚಾಯಾ, ಅದನ್ನೇನು ಹಾಳೆ ಥರ ಹೊಗೆಗೂಡಲ್ಲಿ ನೇತು ಹಾಕ್ತೀರಾ?" ಎಂದಳು ತ್ರೇಸ್ಯಾ. "ಮೂಗು ಬಿಡಿ, ಓಡಿಸಿ ನೋಡಿ."

ಓಡಿಸಿದ. ಒಲ್ಲದ ಮನಸ್ಸಿನಿಂದಲೇ ಓಡಿಸಿದ. ಸುರಿಯುವ ಮಳೆಯಲ್ಲಿ ಆಸ್ಪತ್ರೆ ಇಳಿಜಾರಿನ ದೀಪದ ಕಂಬದ ಹತ್ತಿರ, ಗಂಟೆಗೆ ನಲವತ್ತರಲ್ಲಿ ಬ್ರೇಕ್ ಒತ್ತಿದ. ಬೋಳು ಟಯರು ಅಲ್ಲಿಂದ ಅಂಚೆ ಡಬ್ಬದವರೆಗೂ ಜಾರುತ್ತಿತ್ತು. ಇದು ಡಬ್ಬಕ್ಕಿಂತ ಹನ್ನೆರಡು ಹೆಜ್ಜೆ ಮೊದಲೇ ನಿಂತಿತು. ನಂಬಿಕೆ ಬಾರದೆ ಮೂರು ಸಲ ಮಾಡಿದ, ಮೂರು ಸಲವೂ ಅಷ್ಟೇ. ಗುಂಡಿಗೆ ಇಳಿದರೆ ಸೊಂಟಕ್ಕೆ ಗೊತ್ತಾಗುತ್ತದೆ, ನುಣ್ಣನೆ ರಸ್ತೆಯಲ್ಲಿ ಗುಯ್ ಎನ್ನುವುದು ಕೊಂಚ ಜಾಸ್ತಿ. ಆಗಲಿ ಬಿಡಿ, ಗಂಟೆಗೆ ಅರವತ್ತು ದಾಟದ ಮುದಿ ಕಾರಿಗೆ ಇನ್ನೆಂಥದ್ದು ಬೇಕು! ಶುಕ್ರವಾರದ ಹೊತ್ತಿಗೆ ಪಾಸ್ ಎಂದುಬಿಡಲು ಅವನು ತಯಾರಾಗಿದ್ದ.

ಅವತ್ತಿನ ಕೊನೆಯ ಮನೆ ಪೈಲಿಯದು, ಮೂರು ಕಿಲೋಮೀಟರ್ ಏರಿನ ತುದಿಯಲ್ಲಿ. ಪೈಲಿ ಕುಮಿಳಿ ಘಾಟಿಯಲ್ಲಿ ಮೂವತ್ತು ವರ್ಷ ಲಾರಿ ಓಡಿಸಿ ಒಂದು ಗೀರೂ ಮಾಡಿಕೊಳ್ಳದವನು. ಕೊನೆಗೆ ಮನೆ ಹಿಂದಿನ ಹಲಸಿನ ಮರದಿಂದ ಬಿದ್ದು ಬೆನ್ನು ಮುರಿದುಕೊಂಡ. ಆರು ವರ್ಷದಿಂದ ಹೆಂಚು ನೋಡುತ್ತ ಮಲಗಿದ್ದಾನೆ. ಬೆನ್ನಿನ ಹುಣ್ಣಿಗೆ ದಿನ ಬಿಟ್ಟು ದಿನ ಪಟ್ಟಿ ಬದಲಿಸದಿದ್ದರೆ ಅದು ಮೂಳೆ ಮುಟ್ಟುತ್ತದೆ.

ಕುಂಚೆರಿಯಾ ಹೊಸಿಲು ದಾಟುವ ಮುಂಚೆಯೇ ಒಳಗಿನಿಂದ ದನಿ ಬಂತು.

"ಲೋ, ಹೊಸ ಟಯರಾ? ಮೊನ್ನೆ ಜೋರು ಮಳೆ, ಸದ್ದು ಸರಿಯಾಗಿ ಕೇಳಿಸಿರಲಿಲ್ಲ. ಮೂರು ಚೆನ್ನಾಗಿವೆ ಕಣೋ. ಹಿಂದಿಂದು, ಬಲಗಡೆದು, ಕೆಟ್ಟದ್ದು."

"ಮಲಗಿದಲ್ಲೇ ಶಾಸ್ತ್ರ ಹೇಳ್ತೀಯೇನೋ?" ಎಂದು ಕುಂಚೆರಿಯಾ ನಕ್ಕ.

"ಶಾಸ್ತ್ರ ಅಲ್ಲ, ಸದ್ದು. ಸುತ್ತಿಗೊಂದ್ ಸಲ ದಬ್ ಅಂತಿದೆ. ತಿರುವಲ್ಲಿ ನೀನು ಎಡಕ್ಕೆ ಹೊರಳಿದಾಗ ಜಾಸ್ತಿ ಆಯ್ತು, ಅಂದ್ರೆ ಬಲಗಡೆದು. ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ಹೋಯ್ತು, ಸದ್ದು ತಗ್ತು. ಅಂದ್ರೆ ಹಿಂದಿಂದು. ನಂಬಿಕೆ ಇಲ್ವಾ? ಹೋಗು, ಜಾಕಿ ಕೊಟ್ಟು ನೋಡು."

ನೋಡಲು ಹೋದದ್ದು ಅವನ ಬಾಯಿ ಮುಚ್ಚಿಸಲಿಕ್ಕೆ. ಮಳೆಯಲ್ಲಿ ನೆನೆಯುತ್ತ ಜಾಕಿ ಕೊಟ್ಟು, ಚಕ್ರ ತಿರುಗಿಸಿ, ಕಾರಿನ ಅಡಿಗೆ ಕೈ ತೂರಿಸಿ ಸವರಿದ. ಹೊರಗಿನಿಂದ ಕಾಣದ ಒಳಮೈಯಲ್ಲಿ ಹುಣಸೆಬೀಜದಷ್ಟು ಉಬ್ಬು ಬೆರಳಿಗೆ ಸಿಕ್ಕಿತು. ನಾಲ್ಕು ದಿನ ಅದರ ಮೇಲೆ ಕೂತು ಓಡಿಸಿದವನು ತಾನು, ಕಣ್ಣಿದ್ದೂ ಕಾಣದವನು. ಹೆಂಚು ನೋಡುತ್ತ ಮಲಗಿದವನಿಗೆ ಅದು ಕಂಡಿತಲ್ಲ, ದೇವರೇ!

"ಪೈಲೀ, ನೀನು ಮನುಷ್ಯನೇನೋ?" ಎಂದ, ಒದ್ದೆ ಮೈಯಲ್ಲೇ ಒಳಗೆ ಬಂದು.

"ಕಾರು ಇಷ್ಟು ದೊಡ್ಡದು ಅಂತೀವಿ," ಎಂದ ಪೈಲಿ ಮೆಲ್ಲಗೆ. "ನೆಲ ಮುಟ್ಟೋದು ನಾಲ್ಕೇ ಅಂಗೈಯಷ್ಟು ಕಣೋ. ಇಡೀ ಸಂಸಾರ ಅಷ್ಟರ ಮೇಲೆ ಹೋಗ್ತಾ ಇರುತ್ತೆ. ಅದರಲ್ಲೊಂದು ಅಂಗೈ ಸುಳ್ಳು ಹೇಳಿದ್ರೆ ನಾವು ಉಳೀತೀವಾ? ಉಳಿದ ಮೂರು ಒಳ್ಳೇ ಮಾಲು, ಭಯ ಬೇಡ. ಇದೊಂದನ್ನ ವಾಪಸ್ ಕೊಡು. ಬದಲಿ ಎಷ್ಟು ದಿನಕ್ಕೆ ಬರುತ್ತೆ?"

"ಕೊಚ್ಚಿಯಿಂದ ಬರಬೇಕು. ಎಂಟು ದಿನ."

"ಇವತ್ತು ತೆವಳ್ಕೊಂಡು ಇಳಿ. ಆಮೇಲೆ ಬೋಳು ಸ್ಟೆಪ್ನಿ ಹಾಕ್ಕೊಂಡು ಕೆಳಗಿನ ಹತ್ತು ಮನೆಗೆ ನಿಧಾನ ಹೋಗು. ಈ ಏರಿಗೆ ಮಾತ್ರ ಸಿಸ್ಟರನ್ನ ಕೂರಿಸ್ಕೊಂಡು ಬರಬೇಡ. ನನ್ನ ಮನೆ ಬಿಟ್ಬಿಡು."

ಪಟ್ಟಿ ಸುತ್ತುತ್ತಿದ್ದ ತ್ರೇಸ್ಯಾಳ ಕೈ ನಿಂತಿತು. "ಎಂಟು ದಿನ ಬಿಟ್ಟರೆ ಏನಾಗುತ್ತೆ ಗೊತ್ತಾ ನಿಮಗೆ?"

"ಗೊತ್ತು ಸಿಸ್ಟರ್. ಬೆನ್ನು ನಂದೇ ಅಲ್ವಾ."

ಪೈಲಿ ಸುಮ್ಮನಿದ್ದರೆ ಕೇಳುವವರಿರಲಿಲ್ಲ. ಎಲ್ಲವೂ ಚೆನ್ನಾಗಿದೆ ಎಂದಿದ್ದರೂ ನಡೆಯುತ್ತಿತ್ತು, ಕಾರು ಭಾನುವಾರವೂ ಬರುತ್ತಿತ್ತು. ಹನ್ನೊಂದು ಜನರಲ್ಲಿ ಈ ಮಾತಿನಿಂದ ನಷ್ಟವಾಗುವುದು ಇವನೊಬ್ಬನಿಗೆ, ಆಡಿದವನೂ ಇವನೇ. ಕುಂಚೆರಿಯಾನಿಗೆ ಆ ಹಾಸಿಗೆಯ ಮುಂದೆ ಚಪ್ಪಲಿ ಬಿಟ್ಟು ನಿಲ್ಲಬೇಕು ಅನ್ನಿಸಿತು.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಕಮಿಟಿಯ ಮುಂದೆ ಹೇಳಿದ: "ಟಯರು ಆಗುತ್ತೆ, ಒಂದನ್ನ ಬದಲಿಸಿ. ಪರೀಕ್ಷೆ ಮಾಡಿದ್ದು ನಾನಲ್ಲ, ಪೈಲಿ." ಆಮೇಲೆ ಔಷಧದ ಪೆಟ್ಟಿಗೆ ತಲೆಯ ಮೇಲಿಟ್ಟುಕೊಂಡು, ಅರವತ್ತೆಂಟರ ಮಂಡಿ ಹಿಡಿದುಕೊಳ್ಳುತ್ತ ಏರು ಹತ್ತತೊಡಗಿದ. ಹಿಂದೆ ಕೊಡೆ ಹಿಡಿದು ತ್ರೇಸ್ಯಾ.

ಮನೆ ಹತ್ತಿರವಾಗುವಾಗ ಒಳಗಿನಿಂದ ಗದರಿದ ದನಿ: "ಯಾರದು, ನಡ್ಕೊಂಡ್ ಬರ್ತಿರೋದು? ಇಬ್ಬರಿದ್ದೀರಲ್ಲ!"

"ನಾವೇ ಕಣೋ," ಎಂದ ಕುಂಚೆರಿಯಾ ಏದುಸಿರಿನಲ್ಲಿ. "ಕೂರಿಸ್ಕೊಂಡು ಬರಬೇಡ ಅಂದಿದ್ಯಲ್ಲ. ನಡೆಸ್ಕೊಂಡು ಬಂದೆ."

ಒಳಗೆ ಹೋಗಿ ನೋಡಿದರೆ, ಆರು ವರ್ಷದಲ್ಲಿ ಒಮ್ಮೆಯೂ ಕಣ್ಣೀರು ತೋರಿಸದ ಪೈಲಿ ಮಂಚದ ಅಂಚು ಹಿಡಿದು ಮಗ್ಗುಲಾಗಿ, ಮುಖವನ್ನು ಗೋಡೆಗೆ ತಿರುಗಿಸಿಕೊಂಡಿದ್ದ.

"ಹಾಗೇ ಇರಿ," ಎಂದಳು ತ್ರೇಸ್ಯಾ, ಪೆಟ್ಟಿಗೆ ಬಿಚ್ಚುತ್ತ. "ನನಗೂ ಬೇಕಾಗಿರೋದು ಬೆನ್ನೇ."