ಗಂಜಿ ಕುಡಿದ ಮರಿಗಳು

ಒಂದಾನೊಂದು ಬಯಲಲ್ಲಿ ಹಸಿರು ಓಲೆ ತೊಟ್ಟ ಕುರಿಮರಿಗಳಿದ್ದವಂತೆ, ಹಳದಿ ಓಲೆಯವೂ ಇದ್ದವಂತೆ — ಅಜ್ಜಿಯಾಗಿದ್ದರೆ ಹೀಗೇ ಶುರುಮಾಡಿ ಆಮೇಲೊಬ್ಬ ರಾಕ್ಷಸನನ್ನು ತರುತ್ತಿದ್ದಳು, ಇಲ್ಲಿ ರಾಕ್ಷಸ ಯಾರು, ಅಂದುಕೊಂಡಳು ವಿದ್ಯಾಶ್ರೀ, ಯಗಟಿಯಿಂದ ಕಡೂರಿಗೆ ಹೊರಟ ಬಸ್ಸಿನ ಕಿಟಕಿಗೆ ಹಣೆಯೊತ್ತಿ, ಓಲೆಯೆಂದರೆ ತಾನೇ ಕಿವಿಗೆ ಚುಚ್ಚಿದ ಬಿಲ್ಲೆ, ಹಸಿರಿನವಕ್ಕೆ ತಾನು ಪರೀಕ್ಷಿಸುತ್ತಿದ್ದ ಜಂತುಹುಳದ ಔಷಧಿ, ಹಳದಿಯವಕ್ಕೆ ಇಲ್ಲ, ಮಿಕ್ಕಿದ್ದೆಲ್ಲ ಒಂದೇ ಮೇವು, ಒಂದೇ ನೀರು, ಹಸಿರಿನವು ಎಷ್ಟು ದುಂಡಗಾದವು, ಕುರಿವಿಜ್ಞಾನಿಗಳ ಸಂಘದ ಪತ್ರಿಕೆಯಲ್ಲಿ ಲೇಖನವೂ ಬಂತು, ಮರಿಗಳ ಒಡತಿ ಅಂಬಮ್ಮನಿಗೆ ತೋರಿಸೋಣವೆಂದು ಇವತ್ತು ಹೋದರೆ — ದಪ್ಪ ಆಗ್ದೆ ಇನ್ನೇನವ್ವಾ, ನೀನ್ ಔಷ್ದಿ ಹಾಕಿ ಅತ್ಲಾಗ್ ಹೋಗ್ತಿದ್ದಂಗೆ ನಾನು ರಾಗಿ ಗಂಜಿ ಕುಡಿಸ್ತಿದ್ನಲ್ಲ, ಔಷ್ದಿ ಕುಡ್ದ ಹೊಟ್ಟೆ ಬರಿದು ಬಿಡ್ತಾರೇನೇ, ಬಾಣಂತಿ ಆದ್ರೂ ಅಷ್ಟೇ ಕುರಿ ಆದ್ರೂ ಅಷ್ಟೇ. ಮತ್ತೆ ಹಳದಿಯವಕ್ಕೆ? ಅವಕ್ಯಾಕೆ, ಅವೇನ್ ಔಷ್ದಿ ಕುಡಿದ್ವಾ.

ನಗಬೇಕೋ ಅಳಬೇಕೋ, ದುಂಡಗಾದದ್ದು ಔಷಧಿಯಿಂದಲೋ ಗಂಜಿಯಿಂದಲೋ ಇನ್ನು ಯಾರು ಹೇಳಬೇಕು, ಲೇಖನ ನಂಬಿ ಅಜ್ಜಂಪುರದ ಕಡೆಯವರು ಆಗಲೇ ಔಷಧಿ ಕೇಳುತ್ತಿದ್ದಾರೆ, ಗೈಡ್ ಓಂಕಾರಮೂರ್ತಿ ಸರ್ ಫೋನಿನಲ್ಲಿ, ಗಂಜಿ ವಿಷಯ ಗಂಟಲಲ್ಲೇ ಇರ್ಲಮ್ಮ, ಲೇಖನ ಹೋದ್ರೆ ಪಿಎಚ್‌ಡಿನೂ ಹೋಗುತ್ತೆ, ಮತ್ತೆ ಮೊದಲಿಂದ ಕುರಿ ಕಾಯ್ತೀಯಾ? ಆದರೆ ಸಂಘಕ್ಕೆ ಸೇರಿದ ದಿನ ಎಲ್ಲರೆದುರು ಎದ್ದು ನಿಂತು ಮಾತು ಕೊಟ್ಟಿದ್ದಳಲ್ಲ, ತಪ್ಪು ತಿಳಿದ ದಿನವೇ ತಿಳಿಸುತ್ತೇನೆಂದು, ಸರ್ ಕೂಡ ಪಕ್ಕದಲ್ಲಿ ನಿಂತು ಅದನ್ನೇ ಅಂದಿದ್ದರು, ಬಸ್ಸು ಕುಲುಕಿತು, ಸಂಘದ ಪತ್ರಿಕೆ ನೋಡಿಕೊಳ್ಳುವ ಮದೀಹಾ ಮೇಡಂಗೆ ಫೋನ್ ಮಾಡಿದಳು, ಅವರು ಬೈಯಲಿಲ್ಲ, ನಕ್ಕುಬಿಟ್ಟರು — ಹೆದರ್ಬೇಡ್ರೀ, ತಾವಾಗೇ ವಾಪಸ್ ತಗೊಂಡ್ರು ಅಂತ ಅಚ್ಚು ಹಾಕ್ತೀವಿ, ಇನ್ನೊಂದ್ ಸಲ ಪ್ರಯೋಗ ಮಾಡೋಕೆ ಟೈಮ್ ಕೊಡಿ ಅಂತ ಯೂನಿವರ್ಸಿಟಿಗೆ ಸಂಘದಿಂದ್ಲೇ ಬರೀತೀವಿ, ಮುಂದಿನ ಸಭೇಲಿ ಗಂಜಿ ಕಥೆ ನೀವೇ ಹೇಳ್ಬೇಕು ಕಣ್ರೀ, ಯಾರ್ ಯಾರ ಮರಿಗಳು ಹಿಂಗೆ ಕುಡಿದಿದಾವೋ!

ಹಾಗಾದರೆ ರಾಕ್ಷಸನೇ ಇಲ್ಲದ ಕಥೆಯೂ ಇರುತ್ತದೇನೋ, ಈ ಸಲ ಎಲ್ಲ ಮರಿಗಳಿಗೂ ಗಂಜಿ, ಹಳದಿಯವಕ್ಕೂ, ಅಂಬಮ್ಮ ಕೇಳಿದರೆ ಹಿಗ್ಗಿಯಾಳು, ಲೇಖನ ವಾಪಸ್ ಪಡೆಯುವ ಪತ್ರ ಫೋನಿನಲ್ಲೇ ಟೈಪಾಯಿತು, ಸರ್‌ಗೆ ಮತ್ತೆ ಫೋನು, ಸಂಘಕ್ಕೆ ಹೇಳಿಬಿಟ್ಟೆ ಸರ್, ಸರ್ ಮೆಲ್ಲಗೆ, ನನ್ನ ಹೆಸರೂ ಹಾಕಮ್ಮ ಅದಕ್ಕೆ, ಮಾತು ಕೊಟ್ಟೋನು ನಾನೂ ತಾನೇ. ಕಡೂರು ಬಂತು, ಇಳಿಯುವವರ ಮೊಣಕೈ, ಚೀಲ, ಯಾರೋ ಏಳಮ್ಮ ಎನ್ನುತ್ತಿದ್ದಾರೆ, ಸರ್ ಹೆಸರೂ ಸೇರಿತು, ಕಳಿಸುವ ಗುಂಡಿಯ ಮೇಲೆ ಹೆಬ್ಬೆರಳು ಇಳಿಯಿತು, ಹಿಂದೆಗೆಯಿತು, ಮತ್ತೆ ಇಳಿಯಿತು, ಒತ್ತಿದಳು, ಹೋಯಿತು, ಪತ್ರ ಹೋಯಿತು, ಹೆಬ್ಬೆರಳು ಮಾತ್ರ ಇನ್ನೂ ಗಾಜಿನ ಮೇಲೆ, ಬೆಚ್ಚಗೆ.