ಹಲಗೆಯ ತಳ

ಎರಡು ಗುಂಡಿಗಳನ್ನೂ ಒಟ್ಟಿಗೆ ಒತ್ತಿದರೆ, ಮೊತ್ತ ಎರಡು ಎಂದು ತೋರಿಸಲು, ಎರಡನೆಯ ದೀಪ ಹತ್ತಬೇಕು. ಹತ್ತಲಿಲ್ಲ. ಮೇಷ್ಟ್ರು ಮತ್ತೆ ಒತ್ತಿದರು, ಗುಂಡಿ ಹಲಗೆಯೊಳಗೇ ಹೂತುಹೋಗುವಂತೆ. ಅವರ ಯಂತ್ರದ ಪ್ರಕಾರ ಒಂದಕ್ಕೆ ಒಂದು ಕೂಡಿಸಿದರೆ ಏನೂ ಇಲ್ಲ.

“ದರಿದ್ರ ಟ್ರಾನ್ಸಿಸ್ಟರು! ಅಂಗಡಿಯವನು ಕಳಪೆ ಮಾಲು ಕೊಟ್ಟಿದಾನೆ,” ಎಂದರು. ಕುಣಿಯಲಾರದವಳಿಗೆ ನೆಲ ಡೊಂಕು.

ಟ್ರಾನ್ಸಿಸ್ಟರುಗಳನ್ನೇ ಒಂದೊಂದಾಗಿ ಬೆಸೆದು ಲೆಕ್ಕ ಕೂಡುವ ಯಂತ್ರ ಮಾಡುತ್ತೇನೆ, ಎಲ್ಲವನ್ನೂ ಒಳಗೇ ತುಂಬಿ ಮಾರುವ ಚಿಪ್ಪು ಒಂದನ್ನೂ ಮುಟ್ಟುವುದಿಲ್ಲ ಎಂದು ನಿವೃತ್ತರಾದ ದಿನವೇ ಕಾಲೇಜಿನಲ್ಲಿ ಸಾರಿ ಬಂದಿದ್ದರು. ಚಿಪ್ಪೆಂದರೆ ಅವರಿಗೆ ಎಂಜಲು, ಬೇರೆಯವರು ಅಗಿದಿಟ್ಟದ್ದು. ಅದನ್ನು ಬಳಸುವವರೆಲ್ಲ ಹಲ್ಲಿಲ್ಲದವರು. ಅವರಲ್ಲಿ ಮೊದಲಿಗ, ಟೀವಿ ರಿಪೇರಿ ಮಾಡುವ ಅಳಿಯ. “ಚಿಪ್ ಕೀಳೋದು, ಚಿಪ್ ಹಾಕೋದು. ಇದಕ್ಕೆ ಬುದ್ಧಿ ಬೇರೆ ಬೇಕಾ?” ಎಂದು ಮಗಳ ಎದುರೇ ಆಡಿದ್ದರು. ಅಳಿಯ ನಕ್ಕಿದ್ದ.

ಬೆಳಗಾದರೆ ಕಾಲೇಜಿನಲ್ಲಿ ಪ್ರದರ್ಶನ. ಸಂಜೆ ಮೇಷ್ಟ್ರು ತಮ್ಮ ಗುರುತಿಲ್ಲದ ಅಂಗಡಿ ಹುಡುಕಿಕೊಂಡು ಹೋಗಿ ಒಂದು ಚಿಪ್ಪು ತಂದರು. ಹಲಗೆಯ ತಳಕ್ಕೆ ಬೆಸೆದು ಮೇಲೆ ಕರಿ ಟೇಪು ಅಂಟಿಸಿದರು. ದೀಪ ಹತ್ತಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತು. ಮೇಷ್ಟ್ರಿಗೆ ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು. ಆದರೂ ಟೇಪಿನ ತುದಿಯನ್ನು ಉಗುರಿನಿಂದ ಇನ್ನೊಮ್ಮೆ ಒತ್ತಿದರು.

ಮರುದಿನ ಹಲಗೆ ಹೊರಲು ಅಳಿಯನೇ ಬೇಕಾಯಿತು. ಬಸ್ಸಿನಿಂದ ಇಳಿಸುವಾಗ ಅವನ ಬೆರಳು ತಳದ ಉಬ್ಬಿಗೆ ತಾಗಿತು. ಒಮ್ಮೆ ಸವರಿ ನೋಡಿದ. ದಿನಾ ಚಿಪ್ಪು ಕಿತ್ತು ಹಾಕುವ ಬೆರಳಿಗೆ ಅದೇನೆಂದು ಯಾರೂ ಹೇಳಬೇಕಾಗಿರಲಿಲ್ಲ. ತಲೆಯೆತ್ತಿ ಮಾವನನ್ನು ನೋಡಿದ. ಮೇಷ್ಟ್ರು ಮುಖ ತಿರುಗಿಸಿದರು.

ಪ್ರದರ್ಶನದಲ್ಲಿ ಎರಡನೆಯ ದೀಪ ಹತ್ತಿದಾಗ ಚಪ್ಪಾಳೆಯಾಯಿತು. ಪ್ರಿನ್ಸಿಪಾಲರು ಹತ್ತಿರ ಬಂದರು. “ಸ್ವಲ್ಪ ತಿರುಗಿಸಿ ಮೇಷ್ಟ್ರೇ, ನಿಮ್ಮ ಬೆಸುಗೆ ನೋಡೋಣ. ಬೆಸುಗೆ ಅಂದ್ರೆ ಏನು ಅಂತ ನಮ್ಮವರೂ ಕಲೀಲಿ.”

ಮೇಷ್ಟ್ರು ಹಲಗೆಯ ಅಂಚನ್ನು ಎರಡೂ ಕೈಯಿಂದ ಒತ್ತಿ ಹಿಡಿದರು.

“ಬೇಡ ಸಾರ್,” ಅಳಿಯ ಹಲಗೆಯ ಮೇಲೆ ಕೈಯಿಟ್ಟ. “ಬರೋವಾಗ ಬೀಳಿಸ್ಬಿಟ್ಟೆ. ಬೆಸುಗೆ ಬಿಟ್ಕೊಂಡಿತ್ತು, ನಾನೇ ಏನೋ ತೇಪೆ ಹಾಕಿದೀನಿ. ಅದು ಮಾವನ ಕೆಲಸ ಅಲ್ಲ, ನೋಡೋಕೆ ಅಸಹ್ಯ.”

“ಟೀವಿ ರಿಪೇರಿ ಕೈ ಅಲ್ವಾ!” ಎಂದರು ಯಾರೋ. ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು.

ವಾಪಸು ಬರುವಾಗ ಅಳಿಯ ಬಸ್ಸಿನಲ್ಲಿ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕೊನೆಗೆ ಮೇಷ್ಟ್ರಿಗೆ ತಡೆಯಲಾಗಲಿಲ್ಲ.

“ಸುಳ್ಳು ಹೇಳೋದು ನಿಮಗೆ ಚೆನ್ನಾಗಿ ಬರುತ್ತೆ, ಅಳಿಯಂದ್ರೇ,” ಎಂದರು.

ಬಸ್ಸು ಕುಲುಕಿದಾಗಲೆಲ್ಲ ಅಳಿಯ, ತಂತಿಗಳು ಕಿತ್ತುಬರದಂತೆ, ಹಲಗೆಯನ್ನು ತೊಡೆಯಿಂದ ಮೇಲೆತ್ತಿ ಹಿಡಿಯುತ್ತಿದ್ದ.