ಮೂಲೆಯಿಂದ ಮೂಲೆಗೆ

ನನ್ನ ಗಂಡ ರೋದ್ಯಾ ಪ್ರತಿ ವಸಂತದಲ್ಲೂ ಒಂದೇ ಮಾತು ಕೇಳುತ್ತಿದ್ದ. "ಫೈನಾ, ಈ ಸಲ ಹೊಳೆಯಾಚೆ ದಿಬ್ಬ ಅಗೆಯೋಣ್ವಾ?"

"ಅಲ್ಲಿ ಇಲಿ ಬಿಲ ಬಿಟ್ರೆ ಏನೂ ಇಲ್ಲ" ಎನ್ನುತ್ತಿದ್ದೆ.

ಇಬ್ಬರದೂ ಒಂದೇ ಕಸುಬು. ಎರಡು ಸಾವಿರ ವರ್ಷದ ಹಿಂದೆ ಸರ್ಮಾತ್ ಅಲೆಮಾರಿಗಳು ಚೌಕ ಗುಂಡಿಯಲ್ಲಿ ಹೆಣವನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗಿಸಿ, ಮೇಲೆ ಮಣ್ಣಿನ ದಿಬ್ಬ ಹಾಕುತ್ತಿದ್ದರು. ಅಂಥ ಗೋರಿ ಸಿಕ್ಕಲ್ಲೆಲ್ಲ ನಕ್ಷೆಯ ಮೇಲೆ ಚುಕ್ಕೆ ಇಟ್ಟು, ಉರಲ್‌ನಿಂದ ಪಶ್ಚಿಮಕ್ಕೆ ಅವರ ಜಾಡು ಹಿಡಿಯುವುದು ನಮ್ಮ ಕೆಲಸ. ಅವರು ನಮ್ಮ ಹೊಳೆ ದಾಟಲಿಲ್ಲವೆಂದು ನಾನು ಪುಸ್ತಕವನ್ನೇ ಬರೆದೆ. ದಾಟಿದರು ಅಂತ ರೋದ್ಯಾನ ಹಟ. ಒಮ್ಮೆ ತುಂಬಿದ ಸಭೆಯಲ್ಲಿ, "ಮೂಳೆ ತೋರ್ಸು, ಇಲ್ಲ ಬಾಯಿ ಮುಚ್ಚು" ಎಂದುಬಿಟ್ಟೆ. ಎಲ್ಲರೂ ನಕ್ಕರು. ಅವನೂ ನಕ್ಕ.

ಅವನು ತೀರಿಹೋಗಿ ಎರಡು ವರ್ಷವಾಯಿತು. ಜಗಳವಾಡಲೂ ಯಾರಿಲ್ಲದ ಮನೆ ನನ್ನನ್ನು ತಿನ್ನುತ್ತಿತ್ತು. ಗೆಲ್ಲಲಿ, ಸೋಲಲಿ, ಅವನ ಪ್ರಶ್ನೆಗೊಂದು ಉತ್ತರ ಕೊಡಲೇಬೇಕೆಂದು ಈ ಆಗಸ್ಟಿನಲ್ಲಿ ಆ ದಿಬ್ಬಕ್ಕೆ ಬಂದೆ.

ಬುಲ್ಡೋಜರ್ ಓಡಿಸುವ ಕುವಾಂದಿಕ್ ಮೇಲ್ಮಣ್ಣು ತೆಗೆದ. ಗುಂಡಿಗಿಳಿದು ಅಗೆಯುತ್ತ ಹೋದಂತೆ ನನ್ನ ಸಲಿಕೆಗೆ ಗಾಜಿನ ಸೀಸೆಯೊಂದು ತಗುಲಿತು.

"ಫೈನಾ ಲ್ವೊವ್ನಾ, ನಿಮ್ ಸರ್ಮಾತರು ವೋದ್ಕಾ ಹಾಕ್ತಿದ್ರಾ?" ಕುವಾಂದಿಕ್ ಕಿಚಾಯಿಸಿದ.

ಸೀಸೆ ಎತ್ತಿ ಮಣ್ಣು ಒರೆಸಿದೆ, ಒಳಗೊಂದು ಚೀಟಿ ಇತ್ತು. ಅಗೆದ ಗುಂಡಿ ಮುಚ್ಚುವ ಮುಂಚೆ, ಇಸವಿ ಮತ್ತು ಹೆಸರು ಬರೆದ ಚೀಟಿಯನ್ನು ಸೀಸೆಯಲ್ಲಿಟ್ಟು ಹೂಳುವುದು ನಮ್ಮವರ ಪದ್ಧತಿ. ಮುಂದೆ ಬರುವವರು ಸುಮ್ಮನೆ ಬೆವರು ಸುರಿಸಬಾರದಲ್ಲ.

"ಮುಗೀತು ಕಣಪ್ಪಾ. ಯಾರೋ ಆಗ್ಲೇ ಅಗೆದಿದಾರೆ" ಎಂದೆ.

ಚೀಟಿ ತೆಗೆದರೆ ರೋದ್ಯಾನ ಕೈಬರಹ. ಇಸವಿ ೧೯೮೯, ಆ ಸಭೆಯಾದ ವರ್ಷ.

"ಫೈನಾ, ಪರವಾನಗಿ ಇಲ್ದೆ ಒಬ್ನೇ ಅಗೆದೆ. ಬಾಯಿಬಿಟ್ರೆ ಇಬ್ರ ಕೆಲ್ಸಾನೂ ಹೋಗುತ್ತೆ. ನೋಡ್ದೆ, ಮತ್ತೆ ಮುಚ್ದೆ, ಒಂದು ಮೂಳೆನೂ ಅಲುಗಿಸಿಲ್ಲ. ಅದನ್ನ ನೀನೇ ತೆಗೀಬೇಕು. ನೀನು ಇದನ್ನ ಓದೋವಾಗ ನಾನು ಗುಂಡಿ ಅಂಚಲ್ಲೇ ನಿಂತಿರ್ತೀನಿ. ತಲೆ ಎತ್ತಿ ಬೈಯಿ."

ತಲೆ ಎತ್ತುವ ಧೈರ್ಯ ಬರಲಿಲ್ಲ. ಕುಂಚ ಹಿಡಿದು ಮಣ್ಣು ಸರಿಸಿದೆ. ಮೊದಲು ಪಾದದ ಮೂಳೆ, ಆಮೇಲೆ ಸೊಂಟ, ಹೊತ್ತು ಇಳಿಯುವಷ್ಟರಲ್ಲಿ ತಲೆಬುರುಡೆ. ಒಬ್ಬ ಹೆಂಗಸು ಮೂಲೆಯಿಂದ ಮೂಲೆಗೆ ಮಲಗಿದ್ದಳು.

ಆಗ ತಲೆ ಎತ್ತಿದೆ. "ನೀನೇ ಗೆದ್ದೆ ಕಣೋ, ಕಳ್ಳ!"

ಅಂಚಿನಲ್ಲಿ ಸಿಗರೇಟು ಸೇದುತ್ತ ನಿಂತಿದ್ದ ಕುವಾಂದಿಕ್ ಹಿಂದೆ ತಿರುಗಿ ನೋಡಿದ. "ಯಾರಿಗ್ ಹೇಳ್ತಿದೀರಾ? ಇಲ್ಲಿ ಯಾರೂ ಇಲ್ವಲ್ಲ."

ಆ ಚೀಟಿ ಹೂತ ಮೇಲೂ ರೋದ್ಯಾ ಮೂವತ್ತು ವಸಂತ ಕೇಳಿದ್ದ. ಮೂವತ್ತು ಸಲವೂ ನಾನು ಬೇಡ ಎಂದಿದ್ದೆ.